ಬೀರುವಿನ ಮೇಲಿನ ಕಿಟ್ ಸುಳ್ಳು ಹೇಳುತ್ತಿದೆ

ಏಪ್ರಿಲ್ ತಿಂಗಳ ಮಧ್ಯಾಹ್ನ. ರಾಯಚೂರು ಸೀಮೆಯ ಒಂದು ಗ್ರಾಮ ಪಂಚಾಯಿತಿ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿನ ನೀರಗಂಟಿಗೋ ಬಿಲ್ ಕಲೆಕ್ಟರ್‌ಗೋ ನೋಟಿಸ್ ಬರುತ್ತದೆ, ಮೇಲೆ ಕೂತವರಿಗೆ ಏನೂ ಆಗುವುದಿಲ್ಲ. ಅದು ನಮಗೆ ಬೇಡ.

"ನೀರು ಪರೀಕ್ಷೆ ಮಾಡೋ ಕಿಟ್ ಎಲ್ಲಿದೆ?" ಎಂದು ಕೇಳಿದೆವು. ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ತಗಡಿನ ಸೂರು. ಒಳಗೆ ಕಾಲಿಟ್ಟರೆ ಒಲೆಯ ಮುಂದೆ ನಿಂತ ಹಾಗೆ. ಕಬ್ಬಿಣದ ಬೀರುವಿನ ಮೇಲೆ ಹಳೇ ಬ್ಯಾನರ್‌ಗಳ ಅಡಿಯಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆ. ಕುರ್ಚಿ ಹತ್ತಿ ಇಳಿಸಬೇಕು. ಮುಟ್ಟಿದರೆ ಪೆಟ್ಟಿಗೆಯೇ ಬಿಸಿ. ಪಕ್ಕದಲ್ಲೇ ಅರ್ಧ ಹರಿದ ಬ್ಲೀಚಿಂಗ್ ಪೌಡರ್ ಚೀಲ, ಅದರ ಘಾಟು ಕಣ್ಣಿಗೆ ಹೊಡೆಯುತ್ತಿತ್ತು.

ಆ ಕಿಟ್ ಬಳಸುವ ಹೆಣ್ಣುಮಗಳೂ ಬಂದರು. ಸ್ವಸಹಾಯ ಸಂಘದವರು, ಎರಡು ದಿನ ತರಬೇತಿ ಪಡೆದವರು. ಕೈ ಚುರುಕು, ಅಳತೆ ಸರಿ, ರಿಜಿಸ್ಟರ್ ಅಚ್ಚುಕಟ್ಟು. ಮೂರು ಪುಟ ತುಂಬಾ ಬರೆದಿದ್ದಾರೆ. ನೈಟ್ರೇಟ್ ಎಂಬ ಕಾಲಂನಲ್ಲಿ ಮೇಲಿಂದ ಕೆಳಗಿನ ತನಕ ಒಂದೇ ಪದ: ಇಲ್ಲ, ಇಲ್ಲ, ಇಲ್ಲ.

ನಮ್ಮಲ್ಲೊಬ್ಬನ ಮನೆಯಲ್ಲಿ ದಾಳಿಂಬೆ ತೋಟ ಇದೆ. ಡ್ರಿಪ್‌ಗೆ ಬಿಡುವ ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರವನ್ನು ಒಂದು ಚಿಟಿಕೆ ಪೊಟ್ಟಣ ಕಟ್ಟಿ ತಂದಿದ್ದ. ಅದನ್ನು ಒಂದು ಲೀಟರ್ ನೀರಿಗೆ ಹಾಕಿ ಕಲಕಿದೆವು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರ್‌ಗೆ 45 ಮಿಲಿಗ್ರಾಂ ಮೀರಬಾರದು. ನಾವು ಕಲಕಿದ ನೀರಿನಲ್ಲಿ ಅದರ ದುಪ್ಪಟ್ಟಿಗೂ ಮೇಲಿರಲೇಬೇಕು. ಆಕೆ ಎಂದಿನಂತೆ ನೀರು ಅಳೆದರು, ಪುಡಿ ಹಾಕಿದರು, ಅಲ್ಲಾಡಿಸಿದರು, ಗಡಿಯಾರ ನೋಡಿಕೊಂಡು ಕಾದರು. ನೀರು ಕಡು ಗುಲಾಬಿ ಆಗಬೇಕಿತ್ತು. ಆಗಲಿಲ್ಲ. ನೀರು ನೀರಾಗಿಯೇ ಉಳಿಯಿತು.

ಗೊಬ್ಬರದ ನೀರಿಗೇ "ಇಲ್ಲ" ಅನ್ನುವ ಕಿಟ್, ಆ ಮೂರು ಪುಟಗಳಲ್ಲಿ ಬೇರೇನು ಹೇಳಿರಲು ಸಾಧ್ಯ?

ಆಕೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು: "ಹಂಗಾರ ನಾನು ಇಷ್ಟ್ ದಿನ ಬರೆದಿದ್ದು?"

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಆಕೆಯಲ್ಲ. ಕಿಟ್ ಕೊಟ್ಟು, ಫೋಟೊ ತೆಗೆಸಿಕೊಂಡು, ಅದನ್ನು ಎಲ್ಲಿ ಇಡಬೇಕು ಎಂದು ಒಂದು ಮಾತೂ ಹೇಳದೆ ಹೋದವರು. ಆ ಫೋಟೊ ತೆಗೆದವರಲ್ಲಿ ನಾವೂ ಇದ್ದೇವೆ. ಪತ್ರಿಕೋದ್ಯಮ ಮುಗಿಸಿ ಊರಿಗೆ ಬಂದ ಹೊಸದರಲ್ಲಿ ನಮ್ಮಲ್ಲಿ ಮೂರು ಜನ "ನೀರು ಪರೀಕ್ಷಾ ಕಿಟ್ ವಿತರಣೆ" ಎಂದು ಸುದ್ದಿ ಬರೆದು ಜಿಲ್ಲಾ ಪತ್ರಿಕೆಗೆ ಕಳಿಸಿದ್ದೆವು. ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು, ಹಾರ, ಪೆಟ್ಟಿಗೆ. ಆ ಪೆಟ್ಟಿಗೆಯ ಒಳಗಿನ ಸೀಸೆಗಳ ಮೇಲೆ ಯಾವ ತಾರೀಕು ಇದೆ ಎಂದು ನಾವು ಯಾರೂ ಕೇಳಲಿಲ್ಲ. ಈಗ ಬರೆಯುತ್ತಿರುವುದು ಆ ತಪ್ಪಿಗೆ ಕಟ್ಟುವ ದಂಡ ಅಂತಲೇ ತಿಳಿಯಿರಿ.

ನಮ್ಮ ವಾದ ಇಷ್ಟೇ. ಕೆಟ್ಟ ಕಿಟ್ ಇರುವುದಕ್ಕಿಂತ ಕಿಟ್ ಇಲ್ಲದಿರುವುದೇ ಮೇಲು. ಕಿಟ್ ಇಲ್ಲದ ಊರಿನಲ್ಲಿ ಜನಕ್ಕೆ ಅನುಮಾನವಾದರೂ ಇರುತ್ತದೆ. ಬಾವಿಯ ಪಕ್ಕ ತಿಪ್ಪೆ ಇದೆಯಲ್ಲ, ಈ ನೀರು ಕೂಸಿಗೆ ಬೇಡ ಅನ್ನುತ್ತಾಳೆ ಅಜ್ಜಿ. ಕೆಟ್ಟ ಕಿಟ್ ಇರುವ ಊರಿನಲ್ಲಿ ಅಜ್ಜಿಯ ಬಾಯಿ ಮುಚ್ಚಿಸಲು ರಿಜಿಸ್ಟರ್ ಇರುತ್ತದೆ.

ನೈಟ್ರೇಟ್ ಅಂದರೆ ಹಗುರ ವಿಷಯ ಅಲ್ಲ. ಆರು ತಿಂಗಳೊಳಗಿನ ಕೂಸಿಗೆ ಆ ನೀರಿನಲ್ಲಿ ಪುಡಿ ಹಾಲು ಕಲಸಿ ಕುಡಿಸಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಕೂಸಿನ ತುಟಿ, ಉಗುರು ನೀಲಿಗಟ್ಟುತ್ತವೆ. ಕುದಿಸಿದರೆ ಹೋಗುತ್ತದೆ ಎಂದುಕೊಂಡವರು ಬಹಳ. ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತದೆ. ಯೂರಿಯಾ ಸುರಿಯುವ ಹೊಲ, ಕೊಟ್ಟಿಗೆ, ಪಾಯಿಖಾನೆ ಗುಂಡಿ, ಇವುಗಳ ಪಕ್ಕದ ಬಾವಿ, ಬೋರ್‌ಗಳಲ್ಲಿ ಇದು ಇರುವ ಸಂಭವ ಹೆಚ್ಚು. ನಮ್ಮ ಊರುಗಳಲ್ಲಿ ಪಕ್ಕ ಇಲ್ಲದ ಬೋರ್ ಯಾವುದು ಹೇಳಿ.

ಈಗ ಆ ಪುಡಿಗೆ ಏನಾಯಿತು ಎಂದು ನೋಡೋಣ. ಇದರಲ್ಲಿ ದೊಡ್ಡ ವಿಜ್ಞಾನ ಏನಿಲ್ಲ. ಹಪ್ಪಳ ಹೇಗೆ ಮೆತ್ತಗಾಗುತ್ತದೆ, ಉಪ್ಪು ಮಳೆಗಾಲದಲ್ಲಿ ಹೇಗೆ ನೀರೊಡೆಯುತ್ತದೆ, ಅಷ್ಟೇ. ನೈಟ್ರೇಟ್ ಪರೀಕ್ಷೆಯ ಪುಡಿಯಲ್ಲಿ ಸಾಮಾನ್ಯವಾಗಿ ಸತುವಿನ ಸಣ್ಣ ಧೂಳು ಇರುತ್ತದೆ. ಅದು ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ಆ ನೈಟ್ರೈಟ್ ಪುಡಿಯಲ್ಲಿರುವ ಇನ್ನೆರಡು ರಾಸಾಯನಿಕಗಳ ಜೊತೆ ಸೇರಿ ಗುಲಾಬಿ ಬಣ್ಣ ಕೊಡುತ್ತದೆ. ಡಬ್ಬಿಯ ಮುಚ್ಚಳ ಸಡಿಲ ಇದ್ದು ತೇವ ಒಳಗೆ ಹೋದರೆ ಸತುವಿನ ಧೂಳು ತುಕ್ಕು ಹಿಡಿದಂತೆ ಸತ್ತುಹೋಗುತ್ತದೆ, ಪುಡಿ ಗಂಟುಕಟ್ಟುತ್ತದೆ. ಬಣ್ಣ ಕೊಡುವ ರಾಸಾಯನಿಕ ಬೆಳಕಿಗೆ ಕಂದು ತಿರುಗುತ್ತದೆ. ಸತ್ತ ಪುಡಿ ಬಣ್ಣ ಕೊಡುವುದಿಲ್ಲ. ಬಣ್ಣ ಬರದಿದ್ದರೆ ನಾವು ಓದುವುದು "ನೀರು ಚೆನ್ನಾಗಿದೆ" ಅಂತ.

ಎಲ್ಲ ಪರೀಕ್ಷೆಯೂ ಒಂದೇ ಕಡೆಗೆ ಸುಳ್ಳು ಹೇಳುವುದಿಲ್ಲ, ಅದು ಇನ್ನೊಂದು ಪೀಕಲಾಟ. ಫ್ಲೋರೈಡ್‌ಗೆ ಬಳಸುವ ಕೆಂಪು ದ್ರಾವಣ ತಿರುಗುಮುರುಗು ಕೆಲಸ ಮಾಡುತ್ತದೆ. ನೀರಿನಲ್ಲಿ ಫ್ಲೋರೈಡ್ ಇದ್ದಷ್ಟೂ ಕೆಂಪು ಕರಗಿ ಹಳದಿಗೆ ಸರಿಯುತ್ತದೆ. ಆ ಸೀಸೆ ಕಿಟಕಿಯ ಬಿಸಿಲಿನಲ್ಲಿ ಕೂತು ತಾನೇ ಬಣ್ಣ ಕಳೆದುಕೊಂಡಿದ್ದರೆ ಒಳ್ಳೆಯ ನೀರಿಗೂ "ಫ್ಲೋರೈಡ್ ಜಾಸ್ತಿ" ಎಂದು ತೋರಿಸಬಹುದು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಇದರ ಬೆಲೆ ಗೊತ್ತು. ಲೀಟರ್‌ಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 1.5 ತನಕ ಸಹಿಸಬಹುದು ಎನ್ನುವುದು ನಮ್ಮ ದೇಶದ ಮಾನದಂಡ. ಆ ಅರ್ಧ ಮಿಲಿಗ್ರಾಂನ ಅಂತರದಲ್ಲಿ ಒಂದು ಬೋರ್ ಉಳಿಯುತ್ತದೆ, ಇಲ್ಲವೇ ಮುಚ್ಚುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಬೀಳುತ್ತದೋ ಇಲ್ಲವೋ ಎನ್ನುವುದೂ ಅಲ್ಲಿಯೇ ತೀರ್ಮಾನವಾಗುತ್ತದೆ. ಆ ತೀರ್ಮಾನವನ್ನು ಬಿಸಿಲಿಗೆ ಬೆಂದ ಒಂದು ಸೀಸೆಯ ಕೈಗೆ ಕೊಟ್ಟು ಕೂತಿದ್ದೇವೆ.

(ಶುದ್ಧ ನೀರಿನ ಘಟಕದ ಹುಡುಗ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ನಂಬರ್ ತೋರಿಸುತ್ತಾನಲ್ಲ, ಅದು ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಎಂದು ಅಂದಾಜು ಹೇಳುತ್ತದೆ. ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಆ ಜಗಳ ಇನ್ನೊಂದು ಸಲ ಆಡೋಣ.)

ಕ್ಲೋರಿನ್ ಪರೀಕ್ಷೆ ಇನ್ನೂ ಸೂಕ್ಷ್ಮ. ಹಾಳೆಯಲ್ಲಿ ಸುತ್ತಿದ ಮಾತ್ರೆ ಬರುತ್ತದೆ, ಇಲ್ಲ ಸೀಸೆಯ ದ್ರಾವಣ ಬರುತ್ತದೆ. ಮಾತ್ರೆಯ ಹಾಳೆಗೆ ಸಣ್ಣ ತೂತು ಬಿದ್ದರೆ ತೇವ ಹೀರಿ ಬಣ್ಣಗೆಡುತ್ತದೆ. ಮಾತ್ರೆ ಬಿಳಿ ಇರಬೇಕು, ಕಂದು ಕಲೆ ಕಂಡರೆ ಎಸೆಯಿರಿ. ದ್ರಾವಣ ಕೆಟ್ಟರೆ ಕ್ಲೋರಿನ್ ಇದ್ದರೂ ಬಣ್ಣ ಬರುವುದಿಲ್ಲ. ಆಗ ನೀರಗಂಟಿ ಪಾಪ ಇನ್ನೊಂದು ಬೊಗಸೆ ಬ್ಲೀಚಿಂಗ್ ಪೌಡರ್ ಸುರಿಯುತ್ತಾನೆ, ನಲ್ಲಿ ತಿರುವಿದರೆ ಘಾಟು, ಜನ ಬೈಯುತ್ತಾರೆ. ಇತ್ತ ಬ್ಲೀಚಿಂಗ್ ಪೌಡರ್ ಕೂಡ ಬಿಸಿ, ತೇವಕ್ಕೆ ದಿನೇ ದಿನೇ ಶಕ್ತಿ ಕಳೆದುಕೊಳ್ಳುವ ಸಾಮಾನು. ಹರಿದ ಚೀಲದಲ್ಲಿ ಬೇಸಿಗೆ ಕಳೆದ ಪೌಡರ್ ಎಂದರೆ ಅರ್ಧ ಸುಣ್ಣ. ಅದನ್ನೂ ಕಿಟ್ಟನ್ನೂ ಒಂದೇ ಕೋಣೆಯಲ್ಲಿಟ್ಟರೆ ಪೌಡರ್‌ನಿಂದ ಹೊರಬರುವ ಕ್ಲೋರಿನ್ ಗಾಳಿ ಕಿಟ್‌ನ ಕಾಗದ, ಪುಡಿಗಳನ್ನು ಮೊದಲೇ ಮುಗಿಸಿರುತ್ತದೆ. ನಾವು ನೋಡಿದ ಕೋಣೆಯಲ್ಲಿ ಎರಡಕ್ಕೂ ನಡುವೆ ಒಂದು ಮೊಳ ಅಂತರ ಇತ್ತು.

ಇನ್ನು ಕರಿ ಸೀಸೆ. ನೀರಿನಲ್ಲಿ ಮಲದ ರೋಗಾಣು ಇದೆಯೇ ಎಂದು ನೋಡುವ ಎಚ್‌2ಎಸ್ ಸೀಸೆ. ಇದರ ಮೂಲ ವಿಧಾನವನ್ನು 1982ರಲ್ಲಿ ಪ್ರಕಟಿಸಿದವರು ನಮ್ಮ ದೇಶದ ವಿಜ್ಞಾನಿಗಳೇ. ಪ್ರಯೋಗಾಲಯ ಇಲ್ಲದ ಹಳ್ಳಿಯಲ್ಲೂ ನಡೆಯಲಿ ಎಂದು ಮಾಡಿದ್ದು. ನೀರು ತುಂಬಿಸಿ ಇಟ್ಟರೆ 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ನೀರು ಕೆಟ್ಟಿದೆ ಎಂದು. ಎಷ್ಟು ಸರಳ. ಆದರೆ ಒಳಗಿನ ಕಾಗದಕ್ಕೆ ಹಚ್ಚಿರುವುದು ರೋಗಾಣುವಿನ ಆಹಾರ. ಮುಚ್ಚಳ ಸಡಿಲಾದರೆ ಹೊರಗಿನ ಸೂಕ್ಷ್ಮಜೀವಿ ಮೊದಲೇ ಊಟಕ್ಕೆ ಕೂತಿರುತ್ತದೆ, ಒಳ್ಳೆಯ ನೀರೂ ಕಪ್ಪಾಗುತ್ತದೆ. ಅವಧಿ ಮುಗಿದಿದ್ದರೆ, ಬಿಸಿಗೆ ಕೆಟ್ಟಿದ್ದರೆ, ಕೆಟ್ಟ ನೀರೂ ಕಪ್ಪಾಗದೆ ಇರಬಹುದು. ಮಲೆನಾಡಿನ ಡಿಸೆಂಬರ್ ಚಳಿಯಲ್ಲಿ ರೋಗಾಣು ಬೆಳೆಯುವುದೇ ನಿಧಾನ, ಅಲ್ಲಿ 24 ಗಂಟೆಗೆ "ಪಾಸ್" ಅನ್ನಬಾರದು, 48 ಗಂಟೆ ಬೆಚ್ಚಗಿನ ಜಾಗದಲ್ಲಿ ಬಿಡಬೇಕು. ಕಪ್ಪಾದ ಸೀಸೆಯನ್ನು ಅಂಗಳಕ್ಕೆ ಎಸೆಯುವುದನ್ನೂ ನೋಡಿದ್ದೇವೆ. ಅದರೊಳಗೆ ಲಕ್ಷಗಟ್ಟಲೆ ರೋಗಾಣು ಜೀವಂತ ಇವೆ ಮಾರಾಯ್ರೆ. ಬ್ಲೀಚಿಂಗ್ ದ್ರಾವಣ ಹಾಕಿ ಕೊಂದು ಆಮೇಲೆ ಎಸೆಯಬೇಕು.

ಬಣ್ಣದ ಕಾರ್ಡ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಪುಡಿ, ದ್ರಾವಣ ಎಲ್ಲ ಸರಿ ಇದ್ದರೂ ಹೋಲಿಸಿ ನೋಡುವ ಕಾರ್ಡ್ ಬಿಸಿಲಿಗೆ ಮಾಸಿದ್ದರೆ ಮುಗಿಯಿತು. ಅದನ್ನು ಗೋಡೆಗೆ ಅಂಟಿಸಿದವರೂ ಇದ್ದಾರೆ, ಚೆನ್ನಾಗಿ ಕಾಣಲಿ ಎಂದು. ನೀವು ಇದನ್ನು ಮೊಬೈಲ್‌ನಲ್ಲಿ ಓದುತ್ತಿದ್ದೀರಿ, ಆದ್ದರಿಂದ ಇನ್ನೊಂದು ಮಾತು: ಪರೀಕ್ಷಾ ನಳಿಕೆಯ ಫೋಟೊ ತೆಗೆದು ವಾಟ್ಸ್ಯಾಪ್ ಗ್ರೂಪಿಗೆ ಹಾಕಿ "ಇದು ಎಷ್ಟು ಸರ್?" ಎಂದು ಕೇಳುವುದನ್ನು ಬಿಡಿ. ಒಂದೊಂದು ಫೋನ್ ಒಂದೊಂದು ಬಣ್ಣ ತೋರಿಸುತ್ತದೆ. ಕ್ಯಾಮೆರಾ ತನಗೆ ತೋಚಿದ ಹಾಗೆ ಬಣ್ಣ ತಿದ್ದುತ್ತದೆ. ನಿಮ್ಮ ಮುಖ ಬೆಳ್ಳಗೆ ಮಾಡುವ ಕ್ಯಾಮೆರಾ ನೀರಿನ ಬಣ್ಣವನ್ನು ಬಿಡುತ್ತದೆಯೇ?

ಹಾಲಿನ ಡೇರಿಗೆ ಬರೋಣ. ಬೆಳಿಗ್ಗೆ ಆರಕ್ಕೆ ಕ್ಯಾನ್ ಹಿಡಿದು ನಿಂತ ರೈತನ ಹಾಲಿನ ಫ್ಯಾಟ್ ನಿನ್ನೆಗಿಂತ ಒಂದು ಪಾಯಿಂಟ್ ಕಡಿಮೆ ಬಂದರೆ ಏನಾಗುತ್ತದೆ? ಕಾರ್ಯದರ್ಶಿಯ ಕೊರಳಪಟ್ಟಿಗೆ ಕೈ ಹೋಗುತ್ತದೆ. "ಮೆಷಿನ್ ಸರಿ ಇಲ್ಲ, ಇನ್ನೊಂದ್ಸಲ ಹಾಕು" ಅನ್ನುತ್ತಾನೆ. ಸರಿಯಾಗಿಯೇ ಅನ್ನುತ್ತಾನೆ, ಅವನ ಹಣದ ಪ್ರಶ್ನೆ. ಅಂಗಡಿಯ ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯವರು ಬಂದು ಮುದ್ರೆ ಹೊಡೆಯುತ್ತಾರೆ. ಪೋಲಿಯೊ ಹನಿಯ ಸೀಸೆ ನೋಡಿದ್ದೀರಲ್ಲ, ಲೇಬಲ್ ಮೇಲೆ ಒಂದು ದುಂಡು, ಅದರೊಳಗೆ ತಿಳಿ ಬಣ್ಣದ ಚೌಕ. ಸೀಸೆ ಬಿಸಿ ಕಂಡಷ್ಟೂ ಚೌಕ ಕಪ್ಪಾಗುತ್ತಾ ಬರುತ್ತದೆ. ಚೌಕ ದುಂಡಿನಷ್ಟೇ ಕಪ್ಪಾದರೆ ಆ ಸೀಸೆ ಎಸೆಯಬೇಕು. ಲಸಿಕೆ ಪೆಟ್ಟಿಗೆಯ ಉಷ್ಣತೆಯನ್ನು ದಿನಕ್ಕೆ ಎರಡು ಸಲ ಬರೆದಿಡುತ್ತಾರೆ. ಅಂದರೆ ಬಿಸಿಗೆ ಕೆಡುವ ಸಾಮಾನನ್ನು ಹಳ್ಳಿಯವರೆಗೆ ಕಾಪಾಡಿ ತರಲು ಈ ದೇಶಕ್ಕೆ ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಮನಸ್ಸು ಮಾಡಿದರೆ.

ನೀರಿನ ಕಿಟ್ ವಿಷಯದಲ್ಲಿ ಮನಸ್ಸು ಮಾಡಿಲ್ಲ. ಜಲ ಜೀವನ್ ಮಿಷನ್ ಶುರುವಾದದ್ದು 2019ರ ಆಗಸ್ಟ್ 15ರಂದು. ಪ್ರತಿ ಹಳ್ಳಿಯಲ್ಲಿ ಐದು ಹೆಣ್ಣುಮಕ್ಕಳಿಗೆ ಕಿಟ್ ಬಳಸುವ ತರಬೇತಿ ಕೊಡಬೇಕು ಎನ್ನುವುದು ಅದರ ಒಳ್ಳೆಯ ಆಲೋಚನೆಗಳಲ್ಲಿ ಒಂದು. ಇದನ್ನು ನಾವು ಮನಸಾರೆ ಒಪ್ಪುತ್ತೇವೆ. ನೀರು ಹೊರುವವಳೇ ನೀರು ಪರೀಕ್ಷಿಸಲಿ. ಆದರೆ ತರಬೇತಿಯಲ್ಲಿ "ಎಷ್ಟು ಹನಿ ಹಾಕಬೇಕು" ಎನ್ನುವುದಕ್ಕೆ ಅರ್ಧ ದಿನ, "ಎಲ್ಲಿ ಇಡಬೇಕು" ಎನ್ನುವುದಕ್ಕೆ ಒಂದು ನಿಮಿಷ. ಅವರ ಪರೀಕ್ಷೆಯ ಫಲಿತಾಂಶ ಪೋರ್ಟಲ್‌ಗೆ ಹೋಗುತ್ತದೆ. ಅಲ್ಲಿ "ಪರೀಕ್ಷೆ ಆಗಿದೆ" ಎಂಬ ಲೆಕ್ಕಕ್ಕೆ ಒಂದು ಸೇರುತ್ತದೆ. ಪುಡಿ ಬದುಕಿತ್ತೇ ಸತ್ತಿತ್ತೇ ಎಂದು ಕೇಳುವ ಕಾಲಂ ನಮಗೆ ತೋರಿಸಿದ ಯಾವ ನಮೂನೆಯಲ್ಲೂ ಇರಲಿಲ್ಲ.

ಖರೀದಿಯ ಕಥೆಯೂ ಹಾಗೆಯೇ. ಅನುದಾನ ಖರ್ಚು ಮಾಡುವ ಅವಸರಕ್ಕೆ ಮಾರ್ಚ್ ಕೊನೆಯಲ್ಲಿ ಬಿಲ್ಲು. ಏಪ್ರಿಲ್, ಮೇನಲ್ಲಿ ಲಾರಿಯಲ್ಲಿ ಪ್ರಯಾಣ, ತಾಲ್ಲೂಕು ಗೋದಾಮಿನಲ್ಲಿ ವಾಸ. ರಾಯಚೂರು, ಕಲಬುರಗಿಯಲ್ಲಿ ಆಗ 40 ಡಿಗ್ರಿ ದಾಟಿರುತ್ತದೆ, ಶೀಟಿನ ಕೆಳಗೆ ಇನ್ನೂ ಹೆಚ್ಚು. ಹಳ್ಳಿಗೆ ಬರುವ ಹೊತ್ತಿಗೆ ಸೀಸೆಯ ಆಯಸ್ಸಿನಲ್ಲಿ ಎಷ್ಟೋ ತಿಂಗಳು ಕಳೆದುಹೋಗಿರುತ್ತದೆ. ಅವಧಿ ಲೆಕ್ಕ ತಯಾರಾದ ದಿನದಿಂದ, ಹಾರ ಹಾಕಿ ವಿತರಿಸಿದ ದಿನದಿಂದ ಅಲ್ಲ. ಲೇಬಲ್ ಮೇಲಿನ ತಾರೀಕು ಕೂಡ ತಂಪಿನಲ್ಲಿ, ಕತ್ತಲಲ್ಲಿ, ಮುಚ್ಚಳ ತೆಗೆಯದೆ ಇಟ್ಟರೆ ಮಾತ್ರ ನಿಜ.

ಇದನ್ನೆಲ್ಲ ಹೇಳಿದರೆ ಸಿಗುವ ಉತ್ತರಗಳು ನಮಗೆ ಬಾಯಿಪಾಠ ಆಗಿವೆ.

ಒಬ್ಬರು ಎಂಜಿನಿಯರ್ ಹೇಳಿದರು, "ಕಿಟ್ ಬರೀ ಸೂಚನೆಗೆ, ನಿಖರ ಫಲಿತಾಂಶಕ್ಕೆ ಲ್ಯಾಬ್ ಇದೆ." ಸರಿ ಸ್ವಾಮಿ. ಆದರೆ ಲ್ಯಾಬ್‌ಗೆ ಯಾವ ನೀರು ಹೋಗುತ್ತದೆ? ಕಿಟ್ "ಕೆಟ್ಟಿದೆ" ಎಂದ ನೀರು. ಕಿಟ್ "ಇಲ್ಲ" ಎಂದ ನೀರನ್ನು ಯಾರು ಬಸ್ಸಿಗೆ ಹಾಕಿ ಕಳಿಸುತ್ತಾರೆ? ಬಾಗಿಲಲ್ಲಿ ನಿಂತ ಕಾವಲುಗಾರನೇ ಕುರುಡನಾದರೆ ಒಳಗಿನ ನ್ಯಾಯಾಧೀಶ ಎಷ್ಟು ಜಾಣನಿದ್ದು ಏನು?

ಇನ್ನೊಬ್ಬರು, "ಹೆಂಗಸರು ಸರಿಯಾಗಿ ಮಾಡಲ್ಲ." ಈ ಮಾತು ಕೇಳಿ ಕೇಳಿ ನಮಗೆ ಸಾಕಾಗಿದೆ. ನಾವು ಮೇಲೆ ಹೇಳಿದ ಹೆಣ್ಣುಮಗಳು ಒಂದು ಹನಿ ಹೆಚ್ಚು ಕಡಿಮೆ ಮಾಡಲಿಲ್ಲ. ಆಕೆಯ ಕೈಗೆ ಕೊಟ್ಟದ್ದೇ ಸತ್ತ ಪುಡಿ. ಆಕೆ ಸಂಬಳದ ನೌಕರಳಲ್ಲ. ಕಿಟ್ ಇಡಲು ಆಕೆಯ ಮನೆಯಲ್ಲಿ ಇರುವುದು ಒಂದೇ ಕೋಣೆ, ಅಲ್ಲೇ ಒಲೆ. ತಪ್ಪು ಹೊರಿಸಲು ಮಾತ್ರ ಆಕೆಯ ಹೆಗಲು ಬೇಕು.

ಮೂರನೆಯವರು, "ಫ್ರಿಜ್‌ನಲ್ಲಿ ಇಡಿ ಅಂತ ಹೇಳಿದ್ದೇವೆ." ಯಾರ ಫ್ರಿಜ್? ಲಸಿಕೆಯ ಫ್ರಿಜ್‌ನಲ್ಲಿ ಲಸಿಕೆ ಬಿಟ್ಟು ಬೇರೇನೂ ಇಡಬಾರದು. ಮನೆಯ ಫ್ರಿಜ್‌ನಲ್ಲಿ ಹಾಲು, ಮೊಸರಿನ ಪಕ್ಕ ಇಡಬಾರದು, ಈ ಸೀಸೆಗಳಲ್ಲಿ ವಿಷವೂ ಇದೆ. ಕ್ಲೋರಿನ್‌ಗೆ ಬಳಸುವ ಹಳೇ ಮಾದರಿಯ ಆರ್ಥೋಟಾಲಿಡಿನ್ ದ್ರಾವಣವಂತೂ ಕೈಗೆ ತಾಗಿಸಿಕೊಳ್ಳುವಂಥದ್ದೇ ಅಲ್ಲ.

ಮಣ್ಣಿನ ಕಥೆ ಬೇರೆ ಎಂದುಕೊಂಡರೆ ಅದೂ ಇದೇ ರಾಗ. 2015ರ ಫೆಬ್ರುವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಶುರುವಾಯಿತು. 12 ಅಂಶಗಳ ಪಟ್ಟಿ ಇರುವ ಕಾರ್ಡ್ ನಿಮ್ಮ ಮನೆಗೂ ಬಂದಿರಬಹುದು. ಗೂಟಕ್ಕೆ ಸಿಕ್ಕಿಸಿ ಇಟ್ಟಿರುತ್ತೀರಿ. ಆ ಅಂಕಿಗಳು ಹುಟ್ಟಿದ ದಾರಿ ನೋಡಿದರೆ ಕೆಲವು ಕಡೆ ನಗು ಬರುತ್ತದೆ.

ಮಣ್ಣಿನ ಮಾದರಿಯನ್ನು ತುಂಬಿದ ಚೀಲ ಯಾವುದು? ಕೈಗೆ ಸಿಕ್ಕ ಹಳೇ ಗೊಬ್ಬರದ ಚೀಲ. ಅದರ ಹೊಲಿಗೆಯಲ್ಲಿ ಉಳಿದ ನಾಲ್ಕು ಹರಳು ಪೊಟ್ಯಾಷ್ ಅರ್ಧ ಕೆಜಿ ಮಣ್ಣಿಗೆ ಸೇರಿದರೆ ನಿಮ್ಮ ಹೊಲ ಕಾರ್ಡಿನ ಮೇಲೆ ಪೊಟ್ಯಾಷ್ ಗಣಿ ಆಗಿಬಿಡುತ್ತದೆ. ಮಣ್ಣು ಒಣಗಿಸಲು ಹರವಿದ್ದು ಸತುವಿನ ಲೇಪದ ತಗಡಿನ ಮೇಲೆ, ಹೊತ್ತದ್ದು ಸತುವಿನ ಬಕೆಟ್‌ನಲ್ಲಿ. ಸತುವಿನ ಅಂಶ ನೋಡುವ ಪರೀಕ್ಷೆ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆಯನ್ನೂ ಹಿಡಿಯುವಷ್ಟು ಸೂಕ್ಷ್ಮ. ಬಕೆಟ್ ಉದುರಿಸಿದ ಸತು ವರದಿಯಲ್ಲಿ "ಸಾಕಷ್ಟಿದೆ" ಎಂದು ಬರುತ್ತದೆ, ನೀವು ಜಿಂಕ್ ಸಲ್ಫೇಟ್ ಹಾಕುವುದಿಲ್ಲ, ಭತ್ತದ ಎಲೆಯ ಮೇಲೆ ಕಂದು ಚುಕ್ಕೆ ಬೀಳುತ್ತದೆ. ಆಗ ಬೈಗುಳ ಬೀಜಕ್ಕೆ. ಹಸಿ ಮಣ್ಣನ್ನೇ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ವಾರಗಟ್ಟಲೆ ಇಟ್ಟರೆ ಒಳಗಿನ ಜೀವಾಣುಗಳು ಸಾರಜನಕದ ಲೆಕ್ಕವನ್ನೇ ಬದಲಿಸುತ್ತವೆ. ನೆರಳಲ್ಲಿ ಒಣಗಿಸಿ, ಹೊಸ ಬಟ್ಟೆ ಚೀಲದಲ್ಲೋ ಶುದ್ಧ ಪ್ಲಾಸ್ಟಿಕ್ ಚೀಲದಲ್ಲೋ ತುಂಬಿ ಕೊಡಬೇಕು. ಗೊಬ್ಬರ, ಔಷಧಿ ಪೇರಿಸಿಟ್ಟ ಕೋಣೆಯಲ್ಲೇ ಮಾದರಿ ಚೀಲಗಳನ್ನು ಪೇರಿಸುವ ರೂಢಿಯನ್ನು ನಾವು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇವೆ.

ಪ್ರಯೋಗಾಲಯದ ಒಳಗೂ ಅದೇ. ರಂಜಕ ತೆಗೆಯಲು ಬಳಸುವ ಸೋಡಾ ದ್ರಾವಣದ ಪಿಎಚ್ 8.5 ಇರಬೇಕು. ಮುಚ್ಚಳ ತೆಗೆದಿಟ್ಟರೆ ದಿನ ಕಳೆದಂತೆ ಅದು ಏರುತ್ತದೆ. ರಂಜಕಕ್ಕೆ ನೀಲಿ ಬಣ್ಣ ತರಿಸುವ ದ್ರಾವಣ ಆ ದಿನ ಮಾಡಿದ್ದು ಆ ದಿನಕ್ಕೇ. ಸಾವಯವ ಇಂಗಾಲ ಅಳೆಯುವ ಕಬ್ಬಿಣದ ಲವಣದ ದ್ರಾವಣ ಗಾಳಿಗೆ ಸೋತು ಶಕ್ತಿ ಕಳೆದುಕೊಳ್ಳುತ್ತದೆ, ಪ್ರತಿ ದಿನ ಅದರ ಬಲ ಅಳೆದೇ ಬಳಸಬೇಕು. ಬೋರಾನ್ ಪರೀಕ್ಷೆಯನ್ನು ಲ್ಯಾಬ್‌ನ ಮಾಮೂಲಿ ಗಾಜಿನ ಪಾತ್ರೆಯಲ್ಲಿ ಮಾಡಿದರೆ ಗಾಜಿನಲ್ಲಿರುವ ಬೋರಾನೇ ಮಣ್ಣಿನ ಲೆಕ್ಕಕ್ಕೆ ಜಮಾ. ಒಳ್ಳೆಯ ಲ್ಯಾಬ್‌ನವರು ಇದನ್ನೆಲ್ಲ ಪಾಲಿಸುತ್ತಾರೆ, ಅವರಿಗೆ ನಮಸ್ಕಾರ. ಆದರೆ ಮಾದರಿಗಳ ರಾಶಿ ಮುಗಿಸುವ ಗುರಿ ತಲೆ ಮೇಲೆ ಕೂತಾಗ, ನಿನ್ನೆಯ ದ್ರಾವಣ ಇವತ್ತಿಗೂ ನಡೆಯುತ್ತದೆ. ರಂಜಕ ಕಡಿಮೆ ಎಂದು ಕಾರ್ಡ್ ಸುಳ್ಳು ಹೇಳಿದರೆ ನೀವು ಎಕರೆಗೆ ಇನ್ನೊಂದು ಚೀಲ ಡಿಎಪಿ ತರುತ್ತೀರಿ. 50 ಕೆಜಿ ಚೀಲಕ್ಕೆ 1350 ರೂಪಾಯಿ. ಕಾರ್ಡ್ ಪುಕ್ಕಟೆ, ಸುಳ್ಳಿಗೆ ಮಾತ್ರ ದುಡ್ಡು.

ಹಾಗಾದರೆ ಏನು ಕೇಳಬೇಕು? ಗ್ರಾಮಸಭೆಯಲ್ಲಿ ಎದ್ದು ನಿಂತು ಮೊದಲು ಇದನ್ನು ಕೇಳಿ: "ನಮ್ಮ ಊರಿನ ಕಿಟ್ ತಂದು ಇಲ್ಲಿ ಮೇಜಿನ ಮೇಲೆ ಇಡಿ." ಸೀಸೆಗಳ ತಾರೀಕನ್ನು ಗಟ್ಟಿಯಾಗಿ ಓದಿಸಿ. ಅವಧಿ ಮುಗಿದದ್ದನ್ನು ನಡಾವಳಿಯಲ್ಲಿ ಬರೆಸಿ. ಆಮೇಲೆ ಪರೀಕ್ಷೆಯನ್ನೇ ಪರೀಕ್ಷಿಸಿ. ನಾವು ಮಾಡಿದ ಹಾಗೆ ಒಂದು ಚಿಟಿಕೆ ಕ್ಯಾಲ್ಸಿಯಂ ನೈಟ್ರೇಟ್ ಸಾಕು (ಯೂರಿಯಾ ಹಾಕಿದರೆ ಆಗುವುದಿಲ್ಲ, ಅದರಲ್ಲಿ ನೈಟ್ರೇಟ್ ಇಲ್ಲ). ಪಿಎಚ್ ಕಾಗದಕ್ಕೆ ಎಲೆ ಅಡಿಕೆಯ ಸುಣ್ಣ ಇದೆಯಲ್ಲ, ಅದನ್ನು ನೀರಿಗೆ ಕಲಸಿ ಮುಚ್ಚಿಟ್ಟು ಮೇಲಿನ ತಿಳಿ ತೆಗೆದುಕೊಳ್ಳಿ. ತಾಜಾ ಸುಣ್ಣದ ತಿಳಿಯ ಪಿಎಚ್ ಸುಮಾರು 12.4. ಅದಕ್ಕೆ ಅದ್ದಿದ ಕಾಗದ ಕಡು ನೀಲಿ, ನೇರಳೆಗೆ ತಿರುಗದಿದ್ದರೆ ಆ ಕಾಗದ ಒಲೆಗೆ. ಕಣ್ಣಿಗೆ ಮಾತ್ರ ಸಿಡಿಯದಂತೆ ನೋಡಿಕೊಳ್ಳಿ. ಕ್ಲೋರಿನ್‌ಗೆ ಹೊಸ ಬ್ಲೀಚಿಂಗ್ ಪೌಡರ್‌ನ ಚೂರು ಕಲಸಿದ ನೀರು ಬಣ್ಣ ಕೊಡಲೇಬೇಕು, ಡಿಸ್ಟಿಲ್ಡ್ ನೀರು ಕೊಡಲೇಬಾರದು. ಫ್ಲೋರೈಡ್‌ಗೆ ಮನೆಮದ್ದು ಇಲ್ಲ. ಜಿಲ್ಲಾ ಪ್ರಯೋಗಾಲಯದಲ್ಲಿ ಅಳೆಸಿದ ನಿಮ್ಮದೇ ಬೋರ್ ನೀರನ್ನು ಗಾಜಿನಲ್ಲಲ್ಲ, ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಅಂಕಿ ಬರೆದು ಅಂಟಿಸಿ, ಮುಚ್ಚಿಡಿ. ಕಿಟ್ ಆ ಬಾಟಲಿಗೆ ಅದೇ ಅಂಕಿಯ ಆಸುಪಾಸು ಹೇಳಬೇಕು.

ಇಡುವುದಕ್ಕೆ ಅರಮನೆ ಬೇಡ. ಆರ್‌ಸಿಸಿ ಸೂರಿನ, ಉತ್ತರ ಗೋಡೆಯ ಕಡೆಯ, ಬೀಗ ಇರುವ ಒಂದು ಮರದ ಕಪಾಟು. ಒಳಗೆ ರಬ್ಬರ್ ಅಂಚಿನ ಗಾಳಿ ಹೋಗದ ಡಬ್ಬಿ, ಅದರಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಕರಾವಳಿ, ಮಲೆನಾಡಿನವರಿಗೆ ಆ ಪೊಟ್ಟಣ ಇಲ್ಲದಿದ್ದರೆ ಜೂನ್ ಕಳೆಯುವುದರೊಳಗೆ ಪುಡಿ ಮುದ್ದೆ. ಒಣ ಬಯಲುಸೀಮೆಯವರು ಒದ್ದೆ ಮರಳಿನಲ್ಲಿ ಕೂರಿಸಿದ ಮಡಕೆಯೊಳಗೆ ಡಬ್ಬಿ ಇಡಬಹುದು, ಅಜ್ಜಿ ಬೆಣ್ಣೆ ಇಡುತ್ತಿದ್ದ ಹಾಗೆ. ಡಬ್ಬಿಗೆ ಮಾತ್ರ ತೇವ ಹೋಗಬಾರದು. ಸೀಸೆ ತೆರೆದ ದಿನವನ್ನು ಅದರ ಮೇಲೆಯೇ ಬರೆಯಿರಿ. ಚಮಚ ಬದಲಿಸಬೇಡಿ, ಒಂದರ ಮುಚ್ಚಳ ಇನ್ನೊಂದಕ್ಕೆ ಹಾಕಬೇಡಿ. ಬ್ಲೀಚಿಂಗ್ ಚೀಲಕ್ಕೆ ಬೇರೆ ಕೋಣೆ.

ದುಡ್ಡಿಲ್ಲ ಎಂದರೆ ನಂಬಬೇಡಿ. ಜಲ ಜೀವನ್ ಮಿಷನ್ ಹಣದಲ್ಲಿ ಶೇ 2ರವರೆಗೆ ನೀರಿನ ಗುಣಮಟ್ಟದ ನಿಗಾಕ್ಕೆ ಎಂದೇ ಇದೆ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ಪಂಚಾಯಿತಿಗೆ ಕೊಟ್ಟದ್ದರಲ್ಲಿ ಶೇ 60 ನೈರ್ಮಲ್ಯಕ್ಕೆ, ಕುಡಿಯುವ ನೀರಿಗೆ ಕಟ್ಟಿಟ್ಟ ಹಣ. ಒಂದು ಕಪಾಟು, ಒಂದು ಡಬ್ಬಿ, ಮುಗಿದ ಸೀಸೆಗಳ ಬದಲಿಗೆ ಹೊಸದು. ಕಿಟ್ ವಿತರಣೆಯ ಶಾಮಿಯಾನ, ಹಾರ, ಬ್ಯಾನರಿಗೆ ಇದಕ್ಕಿಂತ ಹೆಚ್ಚು ಖರ್ಚಾಗಿರುತ್ತದೆ, ಬಿಲ್ಲು ತೆಗೆಸಿ ನೋಡಿ.

ಆ ಏಪ್ರಿಲ್ ಮಧ್ಯಾಹ್ನದ ಬಾವಿಯ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು ಬಂದಿದ್ದೆವು. ನೈಟ್ರೇಟ್ 45ರ ಗೆರೆ ದಾಟಿತ್ತು. ವರದಿ ಹಿಡಿದು ಮತ್ತೆ ಹೋದಾಗ ಆ ಹೆಣ್ಣುಮಗಳು ಕಿಟ್ಟನ್ನು ಬೀರುವಿನ ಮೇಲಿಂದ ಇಳಿಸಿ ಶಾಲೆಯ ಗೋಡೆ ಕಪಾಟಿಗೆ ಸಾಗಿಸಿದ್ದರು. ಹೆಡ್‌ಮಾಸ್ತರರ ಹತ್ತಿರ ಬೀಗದ ಕೈ ಇಸಿದುಕೊಂಡಿದ್ದರು. ರಿಜಿಸ್ಟರ್‌ನ ಆ ಮೂರು ಪುಟಗಳ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಒಂದೊಂದು ಸಾಲಿಗೂ ಬರೆದಿದ್ದರು: "ಪುಡಿ ಕೆಟ್ಟಿತ್ತು." ದಾಖಲೆ ಕೆಡಿಸಿದಿರಿ ಎಂದು ತಾಲ್ಲೂಕಿನಿಂದ ಬಂದವರು ಗದರಿಸಿದರಂತೆ. ಪೋರ್ಟಲ್‌ನಲ್ಲಿ ಈಗಲೂ "ಇಲ್ಲ" ಎಂದೇ ಇದೆ. ಹೊಸ ಪುಡಿಗೆ ಬರೆದ ಅರ್ಜಿ ಈ ಬರಹ ಹಾಕುವ ಹೊತ್ತಿಗೆ ಇನ್ನೂ ಮೇಜಿನ ಮೇಲಿದೆ.